ಗೋಡೆಯಾಚೆಯ ನವರಂಗ

ತಾರಸಿ ಹತ್ತಿ ನಿಂತವನಿಗೆ ಮೊದಲು ಅನಿಸಿದ್ದು, ನಾನು ಬೇರೆ ಯಾರದೋ ಮನೆಯ ಮೆಟ್ಟಿಲು ಹತ್ತಿ ಬಂದಿದ್ದೇನೆ ಎಂದು. ಆದರೆ ನೀರಿನ ಟ್ಯಾಂಕಿ ನಮ್ಮದೇ. ಅದರ ಪಕ್ಕದಲ್ಲಿ ನಾನು ಕೂರುವ, ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿಯೂ ನಮ್ಮದೇ. ಗೋಡೆಯ ಆಚೆ ಮಾತ್ರ ಎಲ್ಲ ಬದಲಾಗಿತ್ತು. ಹುಟ್ಟಿದಂದಿನಿಂದ ಹಸಿರು ಬಿಟ್ಟು ಬೇರೇನೂ ಕಾಣದಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ನೆಲದವರೆಗೂ ಬಿಸಿಲು. ಆ ನೆಲ ಯಾವ ಬಣ್ಣದ್ದು ಎಂದು ನನಗೆ ಗೊತ್ತಾದದ್ದೇ ಅವತ್ತು.

ಶಾರ್ಜಾದಲ್ಲಿರುವ ಮಗಳ ಬಾಣಂತನಕ್ಕೆಂದು ಹೋಗಿ, ಒಂದು ತಿಂಗಳು ಇದ್ದು, ಅದೇ ಬೆಳಿಗ್ಗೆ ನಾವು ಗಂಡಹೆಂಡತಿ ವಾಪಸು ಬಂದಿದ್ದೆವು. ಪೆಟ್ಟಿಗೆಗಳು ಇನ್ನೂ ಹಾಲಿನಲ್ಲೇ ಇದ್ದವು. ಹೆಂಡತಿ ಕೆಳಗಿನಿಂದ ಚಾ ಆಯಿತೆಂದು ಮೂರು ಸಲ ಕರೆದಳು. ಗರ ಬಡಿದವನ ಹಾಗೆ ನಿಂತೇ ಇದ್ದೆ.

ಆ ಜಾಗ ನಮ್ಮದಲ್ಲ. ಪಕ್ಕದ ಮನೆಯವರ ನಾಗಬನ. ಬಿಜೈಯ ಒಳರಸ್ತೆಯಲ್ಲಿ ಸುತ್ತ ಫ್ಲ್ಯಾಟುಗಳು ಎದ್ದ ಮೇಲೂ ಉಳಿದುಕೊಂಡಿದ್ದ ಹತ್ತು ಸೆಂಟ್ಸ್ ಕಾಡು. ಒಂದು ದೊಡ್ಡ ಹಾಲೆಮರ, ಎರಡು ರೆಂಜೆ, ಒಂದು ಬೈನೆ, ಹೆಸರು ಗೊತ್ತಿಲ್ಲದ ಬಳ್ಳಿಗಳು, ಕೇಪುಳದ ಪೊದೆ, ನಡುವೆ ಪಾಚಿ ಹಿಡಿದ ನಾಗನ ಕಲ್ಲುಗಳು. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಅವರು ಹಾಲು, ಎಳನೀರಿನ ಬೊಂಡ, ಅರಶಿನ ಹಿಡಿದು ಒಳಗೆ ಹೋಗುತ್ತಿದ್ದರು. ಉಳಿದ ದಿನ ಯಾರೂ ಕಾಲಿಡುತ್ತಿರಲಿಲ್ಲ. ಗುಡಿಸುವ ಪದ್ಧತಿಯೂ ಇರಲಿಲ್ಲ, ಬಿದ್ದ ಎಲೆ ಬಿದ್ದಲ್ಲೇ ಕೊಳೆಯುತ್ತಿತ್ತು.

ನಾವು ಬ್ಯಾರಿಗಳು, ಕರಾವಳಿಯ ಮುಸಲ್ಮಾನರು. ಕಂಕನಾಡಿಯಲ್ಲಿ ನನ್ನದು ಟೈಲ್ಸ್ ಅಂಗಡಿ. ಮನೆಯೊಳಗೆ ಬ್ಯಾರಿ ಭಾಷೆ, ಗೋಡೆಯ ಹತ್ತಿರ ತುಳು, ಅಂಗಡಿಯಲ್ಲಿ ಬಂದವರ ಬಾಯಿಗೆ ತಕ್ಕ ಹಾಗೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹಿರಿಯಾಕೆಯನ್ನು ನಾನು ಚಿಕ್ಕಂದಿನಿಂದ ಅಕ್ಕ ಎಂದೇ ಕರೆದದ್ದು. ಈಗ ಆಕೆಗೆ ಎಪ್ಪತ್ತೈದರ ಮೇಲೆ. ಕುವೈತಿನಲ್ಲಿ ದುಡಿದು ವಾಪಸು ಬಂದ ಮಗ ಜೊತೆಗಿದ್ದಾನೆ.

ಅಕ್ಕ ಮತ್ತು ನನ್ನ ಉಮ್ಮನ ದೋಸ್ತಿ ಆ ಕೆಂಪುಕಲ್ಲಿನ ಗೋಡೆಯ ಮೇಲೆ ನಡೆಯುತ್ತಿದ್ದದ್ದು. ಉಮ್ಮ ಗಿಡ್ಡ. ಗೋಡೆ ಅವಳ ಹಣೆಯ ಮಟ್ಟಕ್ಕೆ ಬರುತ್ತಿತ್ತು. ಅದಕ್ಕೇ ನಮ್ಮ ಬದಿಯಲ್ಲಿ ಒಂದು ಕೆಂಪುಕಲ್ಲು ಇಟ್ಟುಕೊಂಡಿದ್ದಳು. ಮಾತು ಶುರುವಾಗುವಾಗ ಕಲ್ಲು ಹತ್ತುವುದು, ಮುಗಿದಾಗ ಇಳಿಯುವುದು. ಪಂಚಮಿಗೆ ಆಚೆಯಿಂದ ಅರಶಿನ ಎಲೆಯಲ್ಲಿ ಬೇಯಿಸಿದ ಗಟ್ಟಿ ಬರುತ್ತಿತ್ತು, ಹಬ್ಬಕ್ಕೆ ಈಚೆಯಿಂದ ನೆಯ್ಯಪ್ಪ ಹೋಗುತ್ತಿತ್ತು. ಮೀನಿನ ವಿಷಯಕ್ಕೆ ಜಗಳವೂ ಆಗುತ್ತಿತ್ತು. ಬಂಗುಡೆಗೆ ಹುಳಿ ಎಷ್ಟು ಹಾಕಬೇಕು ಎಂಬುದು ಅವರಿಬ್ಬರಲ್ಲಿ ಕೊನೆಯವರೆಗೂ ತೀರ್ಮಾನ ಆಗಲಿಲ್ಲ.

ಒಮ್ಮೆ ಅಕ್ಕನ ಮನೆಯವರು ಮದುವೆಗೆ ಹೋಗಿದ್ದಾಗ ಒಬ್ಬ ಮರ ಕಡಿಯುವವನು ಬನದ ಹಾಲೆಮರ ಹತ್ತಿದ್ದ. ಹಿಂದಿನ ಮನೆಯವರು ತಮ್ಮ ಮಾವಿನ ಗೆಲ್ಲು ಕಡಿಯಲು ಕರೆಸಿದ್ದವನಿಗೆ ಮರ ತಪ್ಪಿತ್ತು. ಉಮ್ಮ ಅಡುಗೆಮನೆಯಿಂದ ಓಡಿಬಂದು ಕಲ್ಲು ಹತ್ತಿದಳು. ತಲೆವಸ್ತ್ರ ಜಾರುತ್ತಿತ್ತು, ಕೈಯಲ್ಲಿ ಸೌಟು. "ಜಪ್ಪ್ ಮಾರಾಯ, ಜಪ್ಪ್! ಇಳಿ ಕೆಳಗೆ! ಅದು ನಾಗನ ಮರ. ಗೆಲ್ಲು ಕಡಿದ ಕೈಯಲ್ಲಿ ನಾಳೆ ಅನ್ನ ಕಲಸ್ಲಿಕ್ಕುಂಟಾ ನಿನಗೆ?" ಅವನು ಕತ್ತಿಯನ್ನು ಅಲ್ಲೇ ಬಿಟ್ಟು ಜಾರಿಕೊಂಡು ಇಳಿದ. ಇಳಿದವನು ಉಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಇದು ನಿಮ್ಮ ಬನವಾ?" ಎಂದು ಕೇಳಿದ. "ನನ್ನದಲ್ಲ, ನನ್ನ ಪಕ್ಕದ್ದು," ಎಂದಳು ಉಮ್ಮ. ಅಕ್ಕ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕ ಇಲ್ಲ. ಪ್ರತಿ ಸಲವೂ ಸೌಟು ಸ್ವಲ್ಪ ದೊಡ್ಡದಾಗುತ್ತಿತ್ತು.

ನಾನು ಹಕ್ಕಿ ಎಣಿಸಲು ಶುರುಮಾಡಿದ್ದು ಉಮ್ಮ ತೀರಿದ ಮೇಲೆ. ರಕ್ತದೊತ್ತಡ ನೋಡಿದ ಡಾಕ್ಟರು, ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದರು. ಸುಮ್ಮನೆ ಕೂರುವ ಜಾತಿಯಲ್ಲ ನಾನು. ಅಂಗಡಿಗೆ ಗಿರಾಕಿ ಬರದಿದ್ದರೆ ಸ್ಯಾಂಪಲ್ ಟೈಲ್ಸನ್ನಾದರೂ ಒರೆಸುತ್ತಿರುವವನು, ಕೆಲಸದವರು ನಿಧಾನ ಮಾಡಿದರೆ ಅವರ ಕೈಯಿಂದ ಕಿತ್ತುಕೊಂಡು ಮಾಡುವವನು. ಇದನ್ನು ಬಚ್ಚಲಿನ ಟೈಲ್ಸ್ ಆರಿಸಲು ಬಂದಿದ್ದ ಒಬ್ಬರು ಮೇಡಮ್ಮಿನ ಎದುರು ಹೇಳಿಕೊಂಡೆ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. "ಹಾಗಾದರೆ ನಿಮಗೊಂದು ಕೆಲಸ ಉಂಟು," ಎಂದರು.

ಕೆಲಸ ಇಷ್ಟೇ. ಊರಿನ ನಕ್ಷೆಯನ್ನು ಅವರು ಚೌಕ ಚೌಕ ಮಾಡಿದ್ದರು. ಸುರತ್ಕಲ್ಲಿನ ವಿದ್ಯಾರ್ಥಿಗಳು, ಒಬ್ಬರು ನರ್ಸು, ರಿಟೈರ್ ಆದ ಪೋಸ್ಟ್‌ಮಾಸ್ಟರು, ಹೀಗೆ ಆಸಕ್ತಿ ಇದ್ದವರಿಗೆ ಒಂದೊಂದು ಚೌಕ. ಆದಿತ್ಯವಾರ ಬೆಳಿಗ್ಗೆ ಆರೂವರೆಗೆ, ಪ್ರತಿ ವಾರವೂ ಅದೇ ಜಾಗದಲ್ಲಿ ನಿಂತು, ಕಾಲು ಗಂಟೆ ಕಂಡ ಕೇಳಿದ ಹಕ್ಕಿಗಳನ್ನು ಎಣಿಸಿ ಫೋನಿನ ಆ್ಯಪಿಗೆ ಹಾಕಬೇಕು. ಮೊದಲ ವಾರ ನಾನು ಎಂಟು ಗರುಡ ಬರೆದೆ. ಒಂದೇ ಗರುಡ ಎಂಟು ಸುತ್ತು ಹಾಕಿತ್ತೆಂದು ಮೇಡಂ ಫೋನ್ ಮಾಡಿ ನಗುತ್ತಾ ಹೇಳಿದರು. ನನಗೆ ಸಿಟ್ಟು ಬಂತು. ಆ ಸಿಟ್ಟಿಗೇ ಕಲಿತೆ.

ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಬನದೊಳಗಿನಿಂದ ಎರಡು ಸ್ವರದ ಒಂದು ಸಿಳ್ಳು ಕೇಳಿತು. ಮೂರು ಆದಿತ್ಯವಾರ ಕತ್ತು ಉದ್ದ ಮಾಡಿದ ಮೇಲೆ ಕೇಪುಳದ ಪೊದೆಯ ಕೆಳಗೆ ಅದು ಕಂಡಿತು. ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಪಟ್ಟಿ, ಇದ್ದೂ ಇಲ್ಲದಂಥ ಮೋಟು ಬಾಲ, ಅದರಡಿ ಕುಂಕುಮ ಕೆಂಪು. ಒಂದು ಹಕ್ಕಿಗೆ ಇಷ್ಟೆಲ್ಲ ಬಣ್ಣ ಯಾಕೆ ಎಂದು ಯಾರಾದರೂ ಕೇಳಬೇಕು. ನೆಲದ ಮೇಲೆ ಕುಪ್ಪಳಿಸುತ್ತಾ, ನನ್ನ ಹೆಂಡತಿ ಸಂತೆಯಲ್ಲಿ ಬೆಂಡೆಕಾಯಿ ಆರಿಸುವ ಹಾಗೆ, ಒಂದೊಂದೇ ಒಣಗಿದೆಲೆ ಮಗುಚಿ ಅಡಿಯಲ್ಲಿ ಏನುಂಟೆಂದು ನೋಡುತ್ತಿತ್ತು.

ಹಿಮಾಲಯದ ಬುಡದಿಂದ ರಾತ್ರಿ ಹೊತ್ತು ಹಾರಿ ಬರುತ್ತದಂತೆ. ಬಂದರೆ ಹಿಂದಿನ ವರ್ಷದ ಜಾಗಕ್ಕೇ ಬರುತ್ತದಂತೆ. "ಅದಕ್ಕೆ ಬೇಕಾದ್ದು ನೆರಳು, ಕೊಳೆತ ಎಲೆ, ಎಲೆಯ ಅಡಿಯ ಹುಳ. ಮತ್ತೇನೂ ಬೇಡ," ಎಂದರು ಮೇಡಂ. ಮುಂದಿನ ವರ್ಷ ಬಂತು. ಅದರ ಮುಂದಿನ ವರ್ಷವೂ. ನಾಲ್ಕು ವರ್ಷ, ಅದೇ ಪೊದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇರೆ ಯಾವ ಚೌಕದಿಂದಲೂ ಹೀಗೆ ತಪ್ಪದೆ ನವರಂಗ ವರದಿಯಾಗುತ್ತಿರಲಿಲ್ಲ. ನನ್ನ ಜಂಬ ಕೇಳಬೇಡಿ. ಅಕ್ಟೋಬರ್ ಬಂತೆಂದರೆ ಅಕ್ಕನೂ ಗೋಡೆಯ ಹತ್ತಿರ ಬಂದು, "ನಿನ್ನ ಪಕ್ಕಿ ಬಂತಾ?" ಎಂದು ವಿಚಾರಿಸುತ್ತಿದ್ದಳು.

ನಾಲ್ಕನೆಯ ವರ್ಷ ನನಗೆ ಒಂದು ಫೋಟೋ ಸಿಕ್ಕಿತು. ಹಕ್ಕಿ ನಾಗನ ಕಲ್ಲಿನ ಮೇಲೆಯೇ ಬಂದು ಕೂತಿದೆ, ಎಲೆಗಳ ಸಂದಿನಿಂದ ಒಂದೇ ಒಂದು ಎಳೆ ಬೆಳಕು ಅದರ ಎದೆಗೆ ಬಿದ್ದಿದೆ. ಹಿಗ್ಗಿನಲ್ಲಿ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಕ್ಕನಿಗೆ ಕೊಟ್ಟೆ. ಆಕೆ ಕಣ್ಣಿಗೊತ್ತಿಕೊಂಡು ಒಳಗೆ ಕೊಂಡುಹೋಗಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿಸಿದಳು.

ಶಾರ್ಜಾದಲ್ಲಿದ್ದಾಗ ಅಕ್ಕನ ಮಗನ ಫೋನ್ ಬಂದಿತ್ತು. "ಕಾಕ, ಸ್ವಲ್ಪ ಇಂಟರ್‌ಲಾಕ್ ಟೈಲ್ಸ್ ಬೇಕಿತ್ತು. ಹಿಂದಿನ ಬದಿ ಕ್ಲೀನ್ ಮಾಡ್ಲಿಕ್ಕುಂಟು." ಮೊಮ್ಮಗು ಹೆಗಲ ಮೇಲೆ ಅಳುತ್ತಿತ್ತು. ಯಾವ ಹಿಂದಿನ ಬದಿ ಎಂದು ನಾನು ಕೇಳಲಿಲ್ಲ. ಅಂಗಳವೋ ಬಾವಿಕಟ್ಟೆಯೋ ಇರಬೇಕು. ಅಂಗಡಿಗೆ ಫೋನ್ ಮಾಡಿ, ಪಕ್ಕದ ಮನೆಗೆ ಹೋಗುವುದು, ಒಳ್ಳೆಯ ಮಾಲೇ ಹೋಗಲಿ, ಒಂದು ತುಂಡೂ ಒಡೆದದ್ದು ಇರಬಾರದು ಎಂದು ಹೇಳಿದೆ.

ತಾರಸಿಯ ಮೇಲೆ ನಿಂತಿದ್ದ ನನ್ನನ್ನು ಕಂಡು ಕೆಳಗಿನಿಂದ ಅಕ್ಕನ ಮಗ ಕೈ ಬೀಸಿದ. ಅವನ ಮುಖದಲ್ಲಿ ಅಷ್ಟೊಂದು ಸಂತೋಷ ನಾನು ಕಂಡದ್ದು ಕಡಿಮೆ. "ಕಾಕ, ಎಲ್ಲಾ ನಿಮ್ಮ ಫೋಟೋದಿಂದ ಆದದ್ದು!" ಎಂದು ಕೂಗಿದ. ಮೆಟ್ಟಿಲಿಳಿದು ಗೋಡೆಯ ಹತ್ತಿರ ಹೋದೆ. ಅವನು ವಿವರ ಹೇಳಿದ. ಫೋಟೋವನ್ನು ಅವನು ಕುಟುಂಬದ ಗುಂಪಿಗೆ ಕಳಿಸಿದ್ದನಂತೆ. ಮುಂಬಯಿಯಿಂದ, ಕುವೈತಿನಿಂದ, ಎಲ್ಲೆಲ್ಲಿಂದಲೋ ಫೋನುಗಳು. ಒಂಬತ್ತು ಬಣ್ಣದ ಹಕ್ಕಿ ವರ್ಷ ವರ್ಷ ಬಂದು ನಾಗನ ತಲೆಯ ಮೇಲೆ ಕೂರುತ್ತದೆಂದರೆ ಸುಮ್ಮನೆಯಾ? ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಇಷ್ಟು ಸಾನ್ನಿಧ್ಯ ಇರುವ ನಾಗನನ್ನು ಕೆಸರು ಕೊಳೆಯಲ್ಲಿ ಕೂರಿಸಿದ್ದೀರಲ್ಲ ಎಂಬ ಮಾತು ಬಂತು. ಜೀರ್ಣೋದ್ಧಾರಕ್ಕೆ ಎಲ್ಲರೂ ಕೈ ಜೋಡಿಸಿದರು. ಹಾಲೆಮರವನ್ನು ಉಳಿಸಿಕೊಂಡು, ಅದರ ಸುತ್ತ ಕಟ್ಟೆ. ಉಳಿದದ್ದೆಲ್ಲ ಹೋಯಿತು. ಅದನ್ನು ಕಡಿಯುವ ಮೊದಲು ಪ್ರಾರ್ಥನೆ ಮಾಡಿ, ಕ್ರಮ ಪ್ರಕಾರವೇ ಮಾಡಿದ್ದರು.

ಅವನ ಹಿಂದೆ, ರಾಶಿ ಹಾಕಿದ ಜಲ್ಲಿಹುಡಿಯ ಪಕ್ಕದಲ್ಲಿ, ಇಂಟರ್‌ಲಾಕಿನ ಅಟ್ಟಿ ಇತ್ತು. ಮೇಲಿನ ಸಾಲಿಗೆ ಅಂಟಿಸಿದ ಚೀಟಿಯಲ್ಲಿ ನನ್ನ ಅಂಗಡಿಯ ಹೆಸರು ದೂರಕ್ಕೇ ಓದಲು ಬರುತ್ತಿತ್ತು. "ನಿಮ್ಮ ಮಾಲು ಎ-ಒನ್ ಕಾಕ, ಒಂದೂ ಒಡೆದಿಲ್ಲ," ಎಂದ ಅವನು.

ಅವುಗಳನ್ನು ಹಾಸಲು ಇನ್ನೂ ನಾಲ್ಕು ದಿನ ಇತ್ತು. ಇದನ್ನು ನಾನು ಮರೆಯುವ ಹಾಗಿಲ್ಲ. ರೆಂಜೆ ಹೋಗಿತ್ತು, ಪೊದೆ ಹೋಗಿತ್ತು, ಆದರೆ ಮಣ್ಣು ಇನ್ನೂ ಮಣ್ಣಾಗಿತ್ತು. ಒಂದು ಬದಿಯಾದರೂ ಹಾಗೇ ಇರಲಿ, ಎಲೆ ಬೀಳಲಿ, ಎರಡು ಕೇಪುಳ ನೆಡಿ ಎಂದು ಹೇಳಿದರೆ ಆಗುತ್ತಿತ್ತು. ಉಳಿದ ಟೈಲ್ಸನ್ನು ನಾನು ವಾಪಸು ತರಿಸಿಕೊಳ್ಳುತ್ತಿದ್ದೆ. ಮೇಡಮ್ಮಿಗೆ ಫೋನ್ ಮಾಡಿದೆ. ಏನೇನು ಹೋಯಿತೆಂದು ಅವರು ಒಂದೊಂದಾಗಿ ಕೇಳಿದರು. ಆಮೇಲೆ, "ನೀವು ಹೇಳಿ ನೋಡಿ. ಅಷ್ಟು ವರ್ಷದ ಪರಿಚಯ, ಕೇಳ್ತಾರೆ," ಎಂದರು. ಹೂಂ ಎಂದೆ.

ಹೆಂಡತಿ ಚಾ ಲೋಟ ಕುಕ್ಕಿದಳು. "ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ. ಅವರ ನಾಗ, ಅವರ ಬನ. ಒಬ್ಬ ಬ್ಯಾರಿ ನಾಗಬನದ ಕೆಲಸ ನಿಲ್ಲಿಸ್ಲಿಕ್ಕೆ ಹೇಳಿದ ಅಂತ ಒಂದು ಮೆಸೇಜ್ ಹೋದ್ರೆ ಸಾಕು. ಊರು ಹೇಗುಂಟು ಅಂತ ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಅವಳು ಹೇಳುವ ಮೊದಲೇ ಅದು ನನ್ನ ತಲೆಯೊಳಗೆ ಬಂದು ಕೂತಾಗಿತ್ತು. ಅವಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಎರಡನೆಯ ದಿನ ಅಕ್ಕ ಸ್ವತಃ ಗೋಡೆಯ ಹತ್ತಿರ ಬಂದಳು. ಮೊಮ್ಮಗುವಿನ ಬಣ್ಣ, ತೂಕ, ಯಾರ ಹಾಗೆ ಎಂದೆಲ್ಲ ವಿಚಾರಿಸಿದಳು. ಆಮೇಲೆ ತಿರುಗಿ ಬನದ ಕಡೆ ನೋಡಿದಳು. ಅವಳಿಗೂ ಅಷ್ಟು ಬೆಳಕು ಹೊಸದಾಗಿತ್ತು ಎಂದು ಕಾಣುತ್ತದೆ, ಕೈಯನ್ನು ಹಣೆಗೆ ಅಡ್ಡ ಹಿಡಿದಿದ್ದಳು. "ಚಂದ ಆಗ್ತದಲ್ಲ?" ಎಂದು ನನ್ನನ್ನು ಕೇಳಿದಳು. ಅದು ಸುಮ್ಮನೆ ಕೇಳಿದ ಪ್ರಶ್ನೆ ಆಗಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾದಳು.

"ಆಗ್ತದೆ ಅಕ್ಕ," ಎಂದೆ.

ಪ್ರತಿಷ್ಠೆಯ ದಿನ ರಸ್ತೆಯ ಬಾಯಿಯಲ್ಲಿ ಫ್ಲೆಕ್ಸ್ ಹಾಕಿದ್ದರು. ಬಸ್‌ಸ್ಟ್ಯಾಂಡಿನ ಕಡೆಯಿಂದ ನಡೆದು ಬರುತ್ತಿದ್ದವನು ತಲೆ ಎತ್ತಿದರೆ ನನ್ನದೇ ನವರಂಗ, ಆಳೆತ್ತರಕ್ಕೆ, ನಾಗನ ಕಲ್ಲಿನ ಮೇಲೆ. ಅದರ ಹಿಂದೆ ಮಸುಕಾಗಿ ಕಾಣುತ್ತಿದ್ದ ಹಸಿರು ಈಗ ಆ ಫ್ಲೆಕ್ಸಿನಲ್ಲಿ ಮಾತ್ರ ಉಳಿದಿತ್ತು. ನನ್ನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಕನ ಮಗ ಮೈಕಿನಲ್ಲಿ, "ನಮ್ಮ ಕಾಕ ಇಲ್ಲದಿದ್ದರೆ ನಾಗದೇವರ ಈ ಮಹಿಮೆ ನಮಗೆ ತಿಳೀತಾನೇ ಇರ್ಲಿಲ್ಲ," ಎಂದು ಹೇಳಿ ಶಾಲು ಹೊದೆಸಿದ. ಜನ ಚಪ್ಪಾಳೆ ತಟ್ಟಿದರು. ಮೇ ತಿಂಗಳ ಬಿಸಿಲಿಗೆ ಟೈಲ್ಸ್ ಕಾದು ಮಕ್ಕಳೆಲ್ಲ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ಆ ಶಾಲಿನ ಒಳಗೆ ನಾನು ಬೆವೆತು ನೀರಾದೆ. ಇಷ್ಟು ಪ್ರೀತಿಯಿಂದ ಯಾರಾದರೂ ನನಗೆ ಹೊಡೆದದ್ದು ಅದೇ ಮೊದಲು.

ಮಳೆಗಾಲ ಪೂರ್ತಿ ನಾನು ಆದಿತ್ಯವಾರಗಳಲ್ಲಿ ಕಾಗೆ, ಪಾರಿವಾಳ, ಮೈನಾ ಬರೆದೆ. ಅಕ್ಕ ದಿನಾ ಬೆಳಿಗ್ಗೆ ಬನ ಗುಡಿಸುವುದನ್ನು ಶುರುಮಾಡಿದ್ದಳು. ಟೈಲ್ಸಿನ ಮೇಲೆ ಹಾಲೆಯ ಎಲೆ ಬಿದ್ದರೆ ಅದು ಈಗ ಕಸವಾಗಿ ಕಾಣುತ್ತದೆ. ಆ ವಯಸ್ಸಿನಲ್ಲಿ ಸೊಂಟ ಬಗ್ಗಿಸಿ, ಒಂದು ಎಲೆ ಬಿಡದ ಹಾಗೆ ಗುಡಿಸುವಳು. ಪೊರಕೆಯ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು.

ಅಕ್ಟೋಬರಿನ ಎರಡನೆಯ ಆದಿತ್ಯವಾರ. ಕುರ್ಚಿಯಲ್ಲಿ ಕೂತು ನಾಲ್ಕೈದು ನಿಮಿಷ ಆಗಿರಬೇಕು, ಹಾಲೆಮರದಿಂದ ಆ ಸಿಳ್ಳು ಕೇಳಿತು. ಎರಡು ಸ್ವರ. ಬರಲಾರದು ಎಂದೇ ನಾನು ನಂಬಿದ್ದೆ. ಬರದಿದ್ದರೆ ಸಾಕು ಎಂದು ಕೂಡ ಒಳಗೊಳಗೇ ಬೇಡಿಕೊಂಡಿದ್ದೆ.

ಹಕ್ಕಿ ಕೆಳಗಿಳಿಯಿತು. ಪೊದೆ ಇದ್ದ ಮೂಲೆಗೇ ಇಳಿಯಿತು. ಅಲ್ಲಿ ನಿಂತು ಆಚೆ ಈಚೆ ನೋಡಿತು. ಅಕ್ಕ ಆಗಷ್ಟೇ ಗುಡಿಸಿ ಮುಗಿಸಿ ಪೊರಕೆ ಹಿಡಿದೇ ಕಟ್ಟೆಯ ಹತ್ತಿರ ನಿಂತಿದ್ದವಳು, ಅದನ್ನು ಕಂಡು ಅಲುಗಾಡದೆ ಕೈ ಮುಗಿದಳು. ಪೊರಕೆ ಎರಡೂ ಅಂಗೈಗಳ ನಡುವೆಯೇ ಇತ್ತು. ಅಷ್ಟು ಅಗಲ ಟೈಲ್ಸಿನ ಮೇಲೆ ಹೊಸದಾಗಿ ಬಿದ್ದ ಒಂದೇ ಒಂದು ಎಲೆ ಇತ್ತು. ಹಕ್ಕಿ ಕುಪ್ಪಳಿಸಿ ಅದರ ಹತ್ತಿರ ಹೋಯಿತು. ಮಗುಚಿತು. ಅಡಿಯಲ್ಲಿ ನೋಡಿತು. ಮತ್ತೆ ಈ ಬದಿಗೆ ಮಗುಚಿ ನೋಡಿತು. ಟೈಲ್ಸಿನ ಸಂದಿಗೆ ಎರಡು ಸಲ ಕುಕ್ಕಿತು. ಆಮೇಲೆ ಹಾರಿ, ಫ್ಲ್ಯಾಟುಗಳ ನಡುವೆ ಎಲ್ಲಿಗೋ ಹೋಯಿತು.

ಕಾಲು ಗಂಟೆ ಮುಗಿಯುವ ಮೊದಲು ನಾನು ಜಾಗ ಬಿಟ್ಟು ಎದ್ದದ್ದು ಅದೊಂದೇ ಸಲ. ಕೆಳಗಿಳಿದು ಗೋಡೆಗೆ ಬಂದೆ. ಅಕ್ಕನ ಕಣ್ಣು ತುಂಬಿತ್ತು. "ನೋಡಿದೆಯಾ? ಬಂತು, ಬಂತು!" ಎಂದಳು. ಮತ್ತೆ, "ಯಾಕೆ ನಿಲ್ಲಲಿಲ್ಲ? ನಾನು ಹೆದರಿಸಿದೆನಾ?" ಎಂದು ಕೇಳಿದಳು.

ಆಕೆ ತನ್ನ ಮೇಲೆ ಹಾಕಿಕೊಂಡದ್ದನ್ನು ಕೇಳಿ ನನಗೆ ತಡೆಯಲು ಆಗಲಿಲ್ಲ. ಹೇಳಿಬಿಟ್ಟೆ. ಅದು ತಿನ್ನುವುದು ಕೊಳೆತ ಎಲೆಯ ಅಡಿಯ ಹುಳ. ಎಲೆ ಇಲ್ಲ, ಮಣ್ಣಿಲ್ಲ. ಇಲ್ಲಿ ಅದಕ್ಕೆ ಇನ್ನು ಏನೂ ಇಲ್ಲ.

ಅಕ್ಕ ಪೊರಕೆಯನ್ನು ಕಟ್ಟೆಗೆ ಒರಗಿಸಿಟ್ಟಳು. "ಇದು ನಿನಗೆ ಯಾವಾಗ ಗೊತ್ತಾದದ್ದು?"

"ಮೊದಲಿಂದ ಗೊತ್ತುಂಟು ಅಕ್ಕ."

"ಕಲ್ಲು ಹಾಸುವ ಮೊದಲು?"

"ಹೂಂ."

"ಮತ್ತೆ, ಚಂದ ಆಗ್ತದೆ ಅಂದೆಯಲ್ಲ? ನಾನು ಕೇಳಿದೆ. ನಿನ್ನನ್ನೇ ಕೇಳಿದೆ. ನನ್ನ ಮಗನಿಗೆ ಗೊತ್ತಾಗ್ಲಿಕ್ಕಿಲ್ಲ, ಇವನಿಗೆ ಗೊತ್ತುಂಟು ಅಂತ ಬಂದು ಕೇಳಿದ್ದು ಮಾರಾಯ."

"ನಾನು ಹೇಗೆ ಹೇಳುದು ಅಕ್ಕ," ಎಂದೆ. "ನಾವು... ನಿಮ್ಮ ಬನದ ವಿಷಯ..."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾಗುವುದನ್ನು ನಾನು ನೋಡುತ್ತಾ ನಿಂತಿದ್ದೆ. ಆ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಯಾರೋ ಗೊತ್ತಿಲ್ಲದವನು ತನ್ನನ್ನು ಹೆಸರು ಹಿಡಿದು ಕರೆದ ಹಾಗೆ ಆಕೆ ನನ್ನನ್ನು ನೋಡಿದಳು. ತಾರಸಿಯ ಮೇಲಿನ ಬಿಸಿಲು, ನನ್ನ ಅಂಗಡಿಯ ಚೀಟಿ, ಆ ಫ್ಲೆಕ್ಸು, ಯಾವುದೂ ನನಗೆ ಈ ನೋಟದಷ್ಟು ಪೆಟ್ಟು ಕೊಟ್ಟಿರಲಿಲ್ಲ.

"ಓ," ಎಂದಳು. "ಹಾಗಾ."

ಪೊರಕೆ ಅಲ್ಲೇ ಬಿಟ್ಟು ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ತಿರುಗಲಿಲ್ಲ.

"ನಿನ್ನ ಉಮ್ಮ ಆಗಿದ್ದರೆ ಹೇಳ್ತಿದ್ಲು," ಎಂದಳು.

ಗೋಡೆಯ ಬುಡದಲ್ಲಿ ಉಮ್ಮನ ಕೆಂಪುಕಲ್ಲು ಇನ್ನೂ ಹಾಗೇ ಉಂಟು, ಅವಳ ಕಾಲು ಸವೆಸಿದ ಜಾಗ ಕೂಡ. ನನಗೆ ಅದರ ಅಗತ್ಯ ಯಾವತ್ತೂ ಬೀಳಲಿಲ್ಲ. ನಾನು ಎತ್ತರ, ಗೋಡೆ ನನ್ನ ಎದೆಯವರೆಗೆ ಮಾತ್ರ ಬರುತ್ತದೆ. ಆ ನಾಲ್ಕು ದಿನವೂ ನಿಂತಲ್ಲಿಂದಲೇ ನನಗೆ ಆಚೆಯದ್ದೆಲ್ಲ ಕಾಣುತ್ತಿತ್ತು.